25 ಮೀಟರ್ ದೂರದ ನಂಬರ್ ಪ್ಲೇಟ್

ನಲವತ್ತು ದಾಟಿದವರು ಡ್ರೈವಿಂಗ್ ಲೈಸೆನ್ಸ್ ನವೀಕರಿಸಬೇಕಾದರೆ ಫಾರಂ 1ಎ ತುಂಬಿಸಿ, ಡಾಕ್ಟರ ಸಹಿ ಹಾಕಿಸಿ ಕೊಡಬೇಕು. ಅದರಲ್ಲಿ ಕಣ್ಣಿನ ಬಗ್ಗೆ ಇರುವುದು ಕೆಲವೇ ಸಾಲು. ದೃಷ್ಟಿದೋಷ ಇದೆಯೇ, ಇದ್ದರೆ ಕನ್ನಡಕದಿಂದ ಸರಿಹೋಗಿದೆಯೇ? ಬಣ್ಣಗುರುಡು ತೀವ್ರವಾಗಿದೆಯೇ? ಇರುಳುಗುರುಡು ಇದೆಯೇ? ಹಗಲಿನ ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲರೇ? ಈ ಕೊನೆಯ ಪ್ರಶ್ನೆಯ 'ಹಗಲಿನ ಒಳ್ಳೆಯ ಬೆಳಕು' ಎಂಬ ಮಾತಿನ ಹತ್ತಿರ ನಾನು ಪ್ರತಿ ಸಲವೂ ತಡೆದು ನಿಲ್ಲುತ್ತೇನೆ. ಯಾಕೆಂದರೆ ನನ್ನ ಮುಂದಿನ ಕುರ್ಚಿಯಲ್ಲಿ ಕೂರುವ ಅರವತ್ತು, ಎಪ್ಪತ್ತರ ಹಿರಿಯರಲ್ಲಿ ಹೆಚ್ಚಿನವರಿಗೆ ಹಗಲು ಬೆಳಕಿನಲ್ಲಿ ತೊಂದರೆಯೇ ಇಲ್ಲ. ತೊಂದರೆ ಶುರುವಾಗುವುದು ಸಂಜೆ ಆರೂವರೆಯ ಮೇಲೆ, ಮಳೆ ಹನಿಯುವಾಗ, ಎದುರಿನಿಂದ ಹೈಬೀಮ್ ಹಾಕಿಕೊಂಡು ಟಿಪ್ಪರ್ ಬಂದಾಗ.

ಮಂಡ್ಯದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪ್ಟೋಮೆಟ್ರಿಸ್ಟ್ ನಾನು. ಪರೀಕ್ಷೆ ನನ್ನದು, ಸಹಿ ಡಾಕ್ಟರದು. ಲೈಸೆನ್ಸಿಗೆಂದು ಬಂದವರಿಗೆ ಯಾವಾಗಲೂ ಅವಸರ. "ಬೇಗ ಒಂದು ಸೈನ್ ಹಾಕಿಸ್ಕೊಡಿ ಮೇಡಂ, ಆರ್‌ಟಿಒ ಆಫೀಸಿಗೆ ಹೋಗ್ಬೇಕು" ಅನ್ನುತ್ತಾರೆ. ಕಣ್ಣಿಗೆ ಟಾರ್ಚ್ ಕೂಡ ಹಿಡಿಯದೆ ಇನ್ನೆಲ್ಲೋ ಸಹಿಯಾದ ಫಾರಂ ಹಿಡಿದು, ಬೇರೆ ಕಾರಣಕ್ಕೆ ನಮ್ಮಲ್ಲಿಗೆ ಬಂದವರನ್ನೂ ಕಂಡಿದ್ದೇನೆ. ಅಂಥವರಲ್ಲಿ ಒಬ್ಬರಿಗೆ ಒಂದು ಕಣ್ಣಿನಲ್ಲಿ ಪೊರೆ ಎಷ್ಟು ಬಲಿತಿತ್ತೆಂದರೆ ಬೆರಳು ಎಣಿಸುವುದೂ ಕಷ್ಟವಾಗಿತ್ತು. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಆ ಸಹಿಯ ಮೇಲೆ ಹಿರಿಯರ ಗಾಡಿ ಐದು ವರ್ಷ ಓಡುತ್ತದೆ.

ಹೋದ ಚಳಿಗಾಲದಲ್ಲಿ ಪಾಂಡವಪುರದ ಕಡೆಯ ರೈತರೊಬ್ಬರು ಬಂದಿದ್ದರು. ಎಪ್ಪತ್ತರ ಆಸುಪಾಸು. ಬೆಳಗಿನ ಜಾವ ಟಿವಿಎಸ್ ಎಕ್ಸೆಲ್ ಮೇಲೆ ಹಾಲಿನ ಕ್ಯಾನ್ ಇಟ್ಟುಕೊಂಡು ಡೈರಿಗೆ ಹೋಗುವವರು. ಆರು ಮೀಟರ್ ದೂರದ ಚಾರ್ಟಿನಲ್ಲಿ ಎರಡೂ ಕಣ್ಣಿಂದ 6/9ರ ಸಾಲನ್ನು, ಅಂದರೆ ಒಳ್ಳೆಯ ಕಣ್ಣು ಒಂಬತ್ತು ಮೀಟರ್ ದೂರದಿಂದ ಓದುವ ಸಾಲನ್ನು, ಹೇಳಿಬಿಟ್ಟರು. ಫಾರಂ 1ಎ ಲೆಕ್ಕದಲ್ಲಿ ಅವರದು ಏನೂ ತಕರಾರಿಲ್ಲದ ಕಣ್ಣು. ಆದರೆ ಅವರೇ ಹೇಳಿದರು: "ಹಗಲೊತ್ತು ಏನೂ ತೊಂದ್ರೆ ಇಲ್ಲ ಕಣವ್ವ. ಕತ್ಲಲ್ಲಿ ಎದುರ್ಗಡೆ ಲೈಟ್ ಬಂದ್ರೆ ರೋಡೇ ಕಾಣಾಕಿಲ್ಲ." ಜೊತೆಗೆ ಬಂದಿದ್ದ ಮಗ, "ವಯಸ್ಸಾಯ್ತಲ್ಲ ಮೇಡಂ, ಗಾಡಿ ಬಿಟ್ಬಿಡು ಅಂದ್ರೆ ಕೇಳಾಕಿಲ್ಲ" ಎಂದ.

ಆಗ ಇನ್ನೊಂದು ಚಾರ್ಟ್ ಮುಂದಿಟ್ಟೆ. ಪೆಲ್ಲಿ-ರಾಬ್ಸನ್ ಚಾರ್ಟ್ ಅಂತ ಅದರ ಹೆಸರು, 1988ರಲ್ಲಿ ಬಂದದ್ದು. ಇದರಲ್ಲಿ ಅಕ್ಷರಗಳು ಕೆಳಕೆಳಗೆ ಹೋದಂತೆ ಚಿಕ್ಕದಾಗುವುದಿಲ್ಲ. ಮೇಲಿಂದ ಕೆಳಗಿನವರೆಗೆ ಎಲ್ಲವೂ ಒಂದೇ ದೊಡ್ಡ ಗಾತ್ರ. ಮೊದಲ ಮೂರು ಅಕ್ಷರ ಗಾಢ ಕಪ್ಪು, ಮುಂದಿನ ಮೂರು ಸ್ವಲ್ಪ ತೆಳು, ಅದರ ಮುಂದಿನ ಮೂರು ಇನ್ನೂ ತೆಳು. ಕೊನೆಗೆ ಬಿಳಿ ಹಲಗೆಯಲ್ಲಿ ಅಕ್ಷರ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ಇಂಗ್ಲಿಷ್ ಅಕ್ಷರ ಬಾರದವರಿಗೆ, ಕಂಡ ಆಕಾರವನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿ ಎನ್ನುತ್ತೇನೆ. ಅವರು ಮೇಲಿನ ಸಾಲುಗಳನ್ನು ಚಕಚಕನೆ ಬರೆದು ತೋರಿಸಿದರು. ನಡುವಿಗೆ ಬಂದಾಗ ಬೆರಳು ನಿಂತಿತು. "ಅಲ್ಲೇನೂ ಇಲ್ವಲ್ಲವ್ವ, ಬರೀ ಬೋರ್ಡು." ಮಗ ಅದೇ ಜಾಗದಲ್ಲಿ ಬಂದು ನಿಂತು, ಅಪ್ಪನ ಭುಜದ ಮೇಲಿಂದ ನೋಡಿ, ಇನ್ನೂ ಕೆಳಗಿನ ಸಾಲುಗಳನ್ನು ಓದಿದ. ಓದಿದ ಮೇಲೆ ಅಪ್ಪನ ಮುಖವನ್ನೊಮ್ಮೆ, ಚಾರ್ಟನ್ನೊಮ್ಮೆ ನೋಡಿದ. ಅಪ್ಪ ಹಟಕ್ಕೆ ಬಿದ್ದು ಏನನ್ನೂ ಮುಚ್ಚಿಡುತ್ತಿಲ್ಲ, ಅವರಿಗೆ ನಿಜವಾಗಿಯೂ ಅಲ್ಲಿ ಏನೂ ಕಾಣುತ್ತಿಲ್ಲ ಅನ್ನುವುದು ಅವನಿಗೆ ಆಗ ಗೊತ್ತಾಯಿತು.

ರಸ್ತೆಯಲ್ಲಿ ನಮ್ಮ ಜೀವ ತೆಗೆಯುವ ವಸ್ತುಗಳು ಬಿಳಿ ಹಲಗೆ ಮೇಲಿನ ಕಪ್ಪು ಅಕ್ಷರದ ಹಾಗಿರುವುದಿಲ್ಲ. ಕಂಬಳಿ ಹೊದ್ದು ರಸ್ತೆ ಅಂಚಿನಲ್ಲಿ ನಡೆಯುವವರು, ಹಿಂದೆ ಒಂದು ಲೈಟೂ ಇಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರು, ಬಣ್ಣ ಮಾಸಿದ ಹಂಪು: ಎಲ್ಲವೂ ಮಬ್ಬಿನಲ್ಲಿ ಮಬ್ಬು. ಅದನ್ನು ಬೇರ್ಪಡಿಸಿ ಕಾಣುವ ಶಕ್ತಿಗೆ ಕಾಂಟ್ರಾಸ್ಟ್ ಸೆನ್ಸಿಟಿವಿಟಿ ಎನ್ನುತ್ತಾರೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕತ್ತಲಲ್ಲಿ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಒಳಗಿನ ಮಸೂರ ಹಳದಿಗಟ್ಟುತ್ತದೆ. ಅರವತ್ತರ ವ್ಯಕ್ತಿಯ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹುಡುಗನಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಎಂಬ ಲೆಕ್ಕ ಕಣ್ಣಿನ ವಿಜ್ಞಾನದಲ್ಲಿ ಹಳೆಯದು. ಪೊರೆ ಬಂದಿದ್ದರೆ ಎದುರಿನ ಹೆಡ್‌ಲೈಟಿನ ಬೆಳಕು ಆ ಮಸೂರದೊಳಗೇ ಚದುರಿ, ನೋಡುವ ಇಡೀ ನೋಟದ ಮೇಲೆ ಬಿಳಿ ಪರದೆ ಎಳೆದುಬಿಡುತ್ತದೆ. ಅಕ್ಷರದ ಚಾರ್ಟಿನಲ್ಲಿ ಇದು ಯಾವುದೂ ಸಿಕ್ಕಿಬೀಳುವುದಿಲ್ಲ.

ಇದನ್ನು ಮೊದಲು ಗಟ್ಟಿಯಾಗಿ ಲೆಕ್ಕ ಹಾಕಿ ನೋಡಿದವರು ಅಮೆರಿಕದವರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಲ್ಬರ್ಟ್ ಬರ್ಗ್ ಎಂಬುವರು 17,000ಕ್ಕೂ ಹೆಚ್ಚು ಚಾಲಕರ ಕಣ್ಣು ಪರೀಕ್ಷಿಸಿ, ಅವರ ಅಪಘಾತದ ದಾಖಲೆಯ ಜೊತೆ ಇಟ್ಟು ನೋಡಿದರು. ಚಾರ್ಟಿನ ಅಕ್ಷರ ಓದುವುದಕ್ಕೂ ಅಪಘಾತಕ್ಕೂ ಇರುವ ನಂಟು ತೀರಾ ಸಣ್ಣದೆಂದು ಕಂಡಿತು. 1983ರಲ್ಲಿ ಅದೇ ರಾಜ್ಯದಲ್ಲಿ ಜಾನ್ಸನ್ ಮತ್ತು ಕೆಲ್ಟ್‌ನರ್ 10,000 ಜನರ, ಅಂದರೆ 20,000 ಕಣ್ಣುಗಳ ಪಕ್ಕನೋಟವನ್ನು ಅಳೆದರು. ಎರಡೂ ಕಣ್ಣಲ್ಲಿ ಪಕ್ಕನೋಟ ತೀವ್ರವಾಗಿ ಕುಗ್ಗಿದವರ ಅಪಘಾತದ ಪ್ರಮಾಣ ಉಳಿದವರ ಎರಡರಷ್ಟಿತ್ತು. ಪಕ್ಕನೋಟ ಕಳೆದುಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತಮಗೆ ಹೀಗಾಗಿದೆ ಎಂಬುದೇ ಗೊತ್ತಿರಲಿಲ್ಲ. ಕಣ್ಣಿನ ನರ ಕುಂದುವ ಗ್ಲಾಕೋಮಾ ಕಾಯಿಲೆ ಇರುವವರನ್ನು ದಿನಾ ನೋಡುವ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನೋವಿಲ್ಲದೆ, ಕೆಂಪಾಗದೆ, ಅಂಚಿನಿಂದ ಒಳಕ್ಕೆ ನೋಟ ಮುಚ್ಚಿಕೊಂಡು ಬರುತ್ತದೆ. ನಟ್ಟನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದೆ, ಅಕ್ಷರ ಓದುತ್ತಲೇ ಇರುತ್ತಾರೆ.

ನಾನು ಮತ್ತೆ ಮತ್ತೆ ತಿರುಗಿ ಓದಿದ ಕೆಲಸ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ಸಿಂಥಿಯಾ ಔಸ್ಲಿ, ಕಾರ್ಲೀನ್ ಬಾಲ್ ಮತ್ತವರ ಸಂಗಡಿಗರದು. ಅವರು ಕೇಳಿದ್ದು ಬೇರೆಯೇ ಪ್ರಶ್ನೆ. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬೀಳುತ್ತದೆಯೇ? ನೇರ ಎದುರಿಗೆ ಒಂದು ವಸ್ತು ನೋಡುತ್ತಿರುವಾಗ, ಅದೇ ಕ್ಷಣದಲ್ಲಿ ಪಕ್ಕದಿಂದ ಬಂದ ಇನ್ನೊಂದು ವಸ್ತು ಎಷ್ಟು ಬೇಗ ಗಮನಕ್ಕೆ ಬರುತ್ತದೆ? ಅದನ್ನು ಅಳೆಯುವ ಪರೀಕ್ಷೆಗೆ 'ಯೂಸ್‌ಫುಲ್ ಫೀಲ್ಡ್ ಆಫ್ ವ್ಯೂ' ಎಂಬ ಹೆಸರು. ತೆರೆಯ ನಡುವೆ ಒಂದು ಚಿತ್ರ, ಅಂಚಿನಲ್ಲೆಲ್ಲೋ ಇನ್ನೊಂದು, ಎರಡೂ ಕಣ್ಣು ಮಿಟುಕಿಸುವುದರೊಳಗೆ ಮಾಯ. ನಡುವೆ ಕಂಡದ್ದು ಯಾವುದು, ಅಂಚಿನದು ಯಾವ ದಿಕ್ಕಿನಲ್ಲಿತ್ತು ಅಂತ ಹೇಳಬೇಕು. 55ರಿಂದ 87 ವರ್ಷದ 294 ಚಾಲಕರನ್ನು ಹೀಗೆ ಪರೀಕ್ಷಿಸಿ ಮೂರು ವರ್ಷ ಗಮನಿಸಿದರು. ಈ ನೋಟ 40% ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದವರಿಗೆ ಅಪಘಾತವಾಗುವ ಸಂಭವ 2.2 ಪಟ್ಟು ಹೆಚ್ಚಿತ್ತು. 1998ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹಿರಿಯರ ಅಪಘಾತಗಳು ನೇರ ರಸ್ತೆಗಿಂತ ಕೂಡುರಸ್ತೆಯಲ್ಲಿ, ತಿರುವು ತೆಗೆದುಕೊಳ್ಳುವಾಗ ಯಾಕೆ ಹೆಚ್ಚು ಎಂಬುದಕ್ಕೂ ಇಲ್ಲಿ ಉತ್ತರವಿದೆ. ಎಡಕ್ಕೆ, ಬಲಕ್ಕೆ, ಎದುರಿಗೆ ಒಟ್ಟಿಗೇ ಗಮನ ಕೊಡಬೇಕಾದ ಜಾಗ ಅದು. "ನೋಡ್ದೆ ಮೇಡಂ, ಆದ್ರೂ ಅವನು ಎಲ್ಲಿಂದ ಬಂದ್ನೋ ಗೊತ್ತಾಗ್ಲಿಲ್ಲ" ಅನ್ನುವ ಹಿರಿಯರನ್ನು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ.

ಅದೇ ತಂಡದ 2002ರ ಅಧ್ಯಯನ ನನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಪೊರೆ ಬಂದಿದ್ದ, 55ರಿಂದ 84 ವರ್ಷದ 277 ಜನ. ಅವರಲ್ಲಿ 174 ಮಂದಿ ಪೊರೆ ತೆಗೆಸಿಕೊಂಡರು, 103 ಮಂದಿ ಬೇಡವೆಂದರು. ನಾಲ್ಕರಿಂದ ಆರು ವರ್ಷ ಎರಡೂ ಗುಂಪಿನ ಅಪಘಾತಗಳನ್ನು ಎಣಿಸಿದಾಗ, ಆಪರೇಷನ್ ಮಾಡಿಸಿಕೊಂಡವರ ಅಪಘಾತದ ಪ್ರಮಾಣ ಇನ್ನೊಂದು ಗುಂಪಿನ ಅರ್ಧದಷ್ಟಿತ್ತು. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಯಾರು ಮಾಡಿಸಿಕೊಳ್ಳಬೇಕು, ಯಾರು ಬೇಡ ಎಂದು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ, ಅವರವರೇ ಆರಿಸಿಕೊಂಡದ್ದು. ಆರೋಗ್ಯದ ಬಗ್ಗೆ ಕಾಳಜಿ ಇದ್ದವರೇ ಮುಂದೆ ಬಂದಿದ್ದಿರಬಹುದು. ಹಾಗಿದ್ದರೂ, ಔಷಧಿ ಅಂಗಡಿಯಲ್ಲಾಗಲಿ ಕಾನೂನಿನಲ್ಲಾಗಲಿ ಹಿರಿಯರ ಅಪಘಾತವನ್ನು ಇಷ್ಟು ತಗ್ಗಿಸುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ.

ಆ ರೈತರ ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿದಾಗ ಎರಡರಲ್ಲೂ ಪೊರೆ ಇತ್ತು. ಅವರಿಗೆ ಇದು ಮೊದಲೇ ಗೊತ್ತಿತ್ತು. "ಇನ್ನೂ ಬಲೀಲಿ ಅಂತ ಬುಟ್ಟಿವ್ನಿ" ಅಂದರು. ನಮ್ಮ ಕಡೆ ಹಿರಿಯರಲ್ಲಿ ಈ ಮಾತು ಬೇರುಬಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಬೀಳಗಿಯಲ್ಲಿ ಹುಟ್ಟಿ ಊರೂರಿಗೆ ಕ್ಯಾಂಪ್ ಒಯ್ದ ಡಾ. ಎಂ.ಸಿ. ಮೋದಿಯವರ ಕಾಲದ ಆಪರೇಷನ್ನುಗಳನ್ನು ಇವರು ಕಣ್ಣಾರೆ ಕಂಡವರು, ಇಲ್ಲವೇ ಅಪ್ಪ-ಅವ್ವನಿಂದ ಕೇಳಿದವರು. ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಆ ದಿನಗಳಲ್ಲಿ ಪೊರೆ ಪೂರ್ತಿ ಬಲಿತ ಮೇಲೆಯೇ ತೆಗೆಯುತ್ತಿದ್ದರು. ಆಮೇಲೆ ದಪ್ಪ ಗಾಜಿನ ಕನ್ನಡಕ ಹಾಕಬೇಕಿತ್ತು. ಈಗ ಸಣ್ಣ ಗಾಯದಲ್ಲಿ ಪೊರೆ ಕರಗಿಸಿ ತೆಗೆದು ಒಳಗೇ ಲೆನ್ಸ್ ಕೂರಿಸುತ್ತಾರೆ. ಬಲಿಯಲಿ ಎಂದು ಕಾಯುವ ಅಗತ್ಯವೇ ಇಲ್ಲ. ಬಲಿತಷ್ಟೂ ಆಪರೇಷನ್ ಕಷ್ಟ. ರಾತ್ರಿ ಗಾಡಿ ಓಡಿಸಲು ತೊಂದರೆ ಆಗುತ್ತಿದೆ ಎಂದರೆ, ಚಾರ್ಟಿನಲ್ಲಿ 6/9 ಇದ್ದರೂ, ಆಪರೇಷನ್ ಬಗ್ಗೆ ಡಾಕ್ಟರ ಜೊತೆ ಮಾತಾಡಲು ಅದು ಸಾಕಷ್ಟು ಕಾರಣ. ಮೊದಲ ಕಣ್ಣು ಆಗಿ ಎರಡನೆಯದು ಆಗುವವರೆಗಿನ ದಿನಗಳಲ್ಲಿ ಮಾತ್ರ ಎರಡು ಕಣ್ಣಿನ ನೋಟ ಒಂದಕ್ಕೊಂದು ಹೊಂದದೆ ದೂರದ ಅಂದಾಜು ತಪ್ಪಬಹುದು. ಡಾಕ್ಟರು ಹೇಳುವವರೆಗೆ ಗಾಡಿ ಮುಟ್ಟಬಾರದು.

ರಾತ್ರಿ ಡ್ರೈವಿಂಗಿಗೆ ಅಂತ ಮಾರುವ ಹಳದಿ ಕನ್ನಡಕದ ಬಗ್ಗೆಯೂ ಹೇಳಬೇಕು. ಹೆದ್ದಾರಿ ಬದಿಯಲ್ಲೂ ಸಿಗುತ್ತದೆ, ಆನ್‌ಲೈನಲ್ಲೂ ಸಿಗುತ್ತದೆ, ಮಕ್ಕಳು ಅಪ್ಪಂದಿರಿಗೆ ಪ್ರೀತಿಯಿಂದ ತಂದುಕೊಡುತ್ತಾರೆ. ಬಾಸ್ಟನ್ನಿನ ಸಂಶೋಧಕರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಎದುರಿನ ಹೆಡ್‌ಲೈಟ್ ಇರುವಾಗ ಪಾದಚಾರಿಯನ್ನು ಗುರುತಿಸಲು ಹಳದಿ ಗಾಜು ಯಾವ ಸಹಾಯವನ್ನೂ ಮಾಡಲಿಲ್ಲ. ಮೊದಲೇ ಕಡಿಮೆ ಬೆಳಕು ಒಳಹೋಗುತ್ತಿರುವ ಕಣ್ಣಿಗೆ ಇನ್ನಷ್ಟು ಬೆಳಕು ತಡೆಯುವ ಗಾಜು ಯಾಕೆ ಬೇಕು? ದಯವಿಟ್ಟು ಕೊಳ್ಳಬೇಡಿ.

ಹಾಗಾದರೆ ಇಂತಿಷ್ಟು ವಯಸ್ಸಿನ ಮೇಲೆ ಲೈಸೆನ್ಸೇ ಕೊಡಬಾರದೆಂದು ಕಾನೂನು ಮಾಡಿದರಾಯಿತಲ್ಲ, ಎನ್ನುವವರಿದ್ದಾರೆ. 2019ರ ಏಪ್ರಿಲಿನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ತಾಯಿಯನ್ನೂ ಮೂರು ವರ್ಷದ ಮಗಳನ್ನೂ ಬಲಿ ತೆಗೆದುಕೊಂಡಾಗ ಜಪಾನಿನಲ್ಲಿ ಈ ಮಾತು ಬಹಳ ಜೋರಾಗಿ ಎದ್ದಿತು. ಆ ಸಂಕಟದ ಮುಂದೆ ಯಾರಿಗೂ ವಾದ ಮಾಡಲು ಮನಸ್ಸು ಬರುವುದಿಲ್ಲ. ಆದರೂ ಫಿನ್‌ಲೆಂಡ್ ಮತ್ತು ಸ್ವೀಡನ್ ಹೋಲಿಕೆಯನ್ನು ಮರೆಯುವಂತಿಲ್ಲ. ಅಕ್ಕಪಕ್ಕದ ಎರಡು ದೇಶ. ಫಿನ್‌ಲೆಂಡಿನಲ್ಲಿ ವಯಸ್ಸಾದವರಿಗೆ ಲೈಸೆನ್ಸ್ ನವೀಕರಣಕ್ಕೆ ವೈದ್ಯಕೀಯ ತಪಾಸಣೆ ಕಡ್ಡಾಯವಿತ್ತು, ಸ್ವೀಡನ್ನಿನಲ್ಲಿ ಇರಲಿಲ್ಲ. ಲೀಸಾ ಹಕಾಮೀಸ್-ಬ್ಲೂಮ್‌ಕ್ವಿಸ್ಟ್ ಮತ್ತು ಸಂಗಡಿಗರು 1996ರಲ್ಲಿ ಎರಡನ್ನೂ ತೂಗಿ ನೋಡಿದರು. ಹಿರಿಯ ಚಾಲಕರ ಅಪಘಾತದಲ್ಲಿ ಫಿನ್‌ಲೆಂಡಿಗೆ ಯಾವ ಲಾಭವೂ ಕಾಣಲಿಲ್ಲ. ಬದಲಿಗೆ ನಡೆದು ಹೋಗುವ, ಸೈಕಲ್ಲಿನಲ್ಲಿ ಹೋಗುವ ಹಿರಿಯರ ಸಾವು ಅಲ್ಲಿ ಹೆಚ್ಚಿತ್ತು. ಕಾರು ಬಿಟ್ಟವರು ಮನೆಯಲ್ಲಿ ಕೂರಲಿಲ್ಲ, ಕವಚವಿಲ್ಲದೆ ರಸ್ತೆಗಿಳಿದರು. ಇನ್ನೊಂದು ಕಡೆ ಫ್ಲಾರಿಡಾ ರಾಜ್ಯ 2004ರಿಂದ 80 ದಾಟಿದವರಿಗೆ ಕೇವಲ ಕಣ್ಣಿನ ಪರೀಕ್ಷೆ ಕಡ್ಡಾಯ ಮಾಡಿತು. ಆ ವಯೋಮಾನದ ಚಾಲಕರ ಸಾವಿನ ಪ್ರಮಾಣ 17% ಇಳಿಯಿತು, ನವೀಕರಣ ಕೇಳಿ ಬಂದವರಲ್ಲಿ ಹೆಚ್ಚಿನವರಿಗೆ ಲೈಸೆನ್ಸ್ ಸಿಕ್ಕಿಯೂ ಸಿಕ್ಕಿತು. ಹುಟ್ಟಿದ ವರ್ಷ ನೋಡಿ ತಡೆಯುವುದಕ್ಕಿಂತ ಕಣ್ಣು ನೋಡಿ, ತೊಂದರೆ ಇದ್ದರೆ ಚಿಕಿತ್ಸೆಗೆ ಕಳಿಸುವುದರಲ್ಲಿ ನನಗೆ ನಂಬಿಕೆ.

ಈ ಅಧ್ಯಯನಗಳಲ್ಲಿ ಹೆಚ್ಚಿನವು ಕಾರು ಓಡಿಸುವವರ ಮೇಲೆ ಆದವು. ನಮ್ಮಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ 44.5% ದ್ವಿಚಕ್ರ ವಾಹನದವರು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲದ ಮೇಲೆ ಮದ್ದೂರು, ಮಂಡ್ಯದ ಹಿರಿಯರೆಲ್ಲ ಸರ್ವಿಸ್ ರಸ್ತೆಗೆ ಬಂದಿದ್ದಾರೆ. ವೇಗದ ವಾಹನಗಳಿಂದ ದೂರವಾದದ್ದು ಒಳ್ಳೆಯದೇ. ಆದರೆ ಕಿರಿದಾದ ಆ ರಸ್ತೆಯಲ್ಲಿ ರಾತ್ರಿ ಎದುರಿನ ಹೆಡ್‌ಲೈಟ್ ನೇರ ಮುಖಕ್ಕೇ ಬರುತ್ತದೆ.

ಮದ್ದೂರಿನಲ್ಲಿರುವ ನಮ್ಮ ಮಾವನವರು ನಿವೃತ್ತ ಮೇಷ್ಟ್ರು, ಸ್ಕೂಟರ್ ಇಲ್ಲದೆ ಇರಲಾರರು. ಒಂದು ಸಂಜೆ ಅವರನ್ನು ಕೇಳಿದೆ, "ಮಾವ, ಎದುರಿಂದ ಲೈಟ್ ಬಂದಾಗ ಏನ್ಮಾಡ್ತೀರಿ?" "ಎಡಗಡೆ ಬಿಳಿ ಗೆರೆ ಇರ್ತದಲ್ಲ, ಅದನ್ನೇ ನೋಡ್ಕೊಂಡು ಹೋಯ್ತೀನಿ ಕಣಮ್ಮ." "ಗೆರೆ ಇಲ್ಲದ ಕಡೆ?" "ಲೈಟ್ ಹೋಗೋವರ್ಗೂ ಅಂದಾಜಲ್ಲೇ." ನನ್ನ ಗಂಡ ಸ್ಕೂಟರ್ ಮಾರಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಗಾಡಿ ಬಿಟ್ಟ ಹಿರಿಯರಲ್ಲಿ ಖಿನ್ನತೆ ಹೆಚ್ಚುತ್ತದೆ ಎಂದು ಅಮೆರಿಕದ ಅಧ್ಯಯನಗಳು ಒಂದರ ಹಿಂದೊಂದು ತೋರಿಸಿವೆ. ನಮ್ಮ ಮಾವನವರ ದಿನವೆಂದರೆ ಲೈಬ್ರರಿ, ಪೆನ್ಷನ್ ಗೆಳೆಯರ ಕಟ್ಟೆ, ಸಂತೆ. ಅದೆಲ್ಲವೂ ಆ ಸ್ಕೂಟರಿನ ಮೇಲೆಯೇ ನಿಂತಿದೆ. ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಕತ್ತಲಾದ ಮೇಲೆ ಗಾಡಿ ತೆಗೆಯುವುದಿಲ್ಲ, ಮಳೆಯಲ್ಲಿ ತೆಗೆಯುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಮಗ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ತೆಳು ಅಕ್ಷರದ ಚಾರ್ಟನ್ನು ಆಪರೇಷನ್ನಿಗೆ ಮೊದಲೊಮ್ಮೆ, ಆಮೇಲೊಮ್ಮೆ ತಾವೇ ಓದಿ ನೋಡಿದ್ದರಿಂದ ಒಪ್ಪಿದರು.

ಫಾರಂ 1ಎಯಲ್ಲಿ ಇನ್ನೆರಡು ಸಾಲು ಸೇರಬೇಕೆಂಬುದು ನನ್ನ ಬೇಡಿಕೆ. ಒಂದು, ತೆಳು ಅಕ್ಷರದ ಚಾರ್ಟಿನಲ್ಲಿ ಎಲ್ಲಿಯವರೆಗೆ ಓದಿದರು. ಎರಡು, ಪಕ್ಕನೋಟ ಸರಿಯಿದೆಯೇ. ಎರಡನೆಯದಕ್ಕೆ ಯಂತ್ರವೂ ಬೇಡ. ಎದುರುಬದುರು ಕೂತು, ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡುತ್ತಿರಿ ಎಂದು ಹೇಳಿ, ಬದಿಯಿಂದ ಬೆರಳು ತಂದು "ಎಷ್ಟು ಬೆರಳು?" ಎಂದು ಕೇಳಿದರೆ ದೊಡ್ಡ ಕೊರತೆಗಳು ಅಲ್ಲೇ ಸಿಗುತ್ತವೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಪರೀಕ್ಷೆ. ಅನುಮಾನ ಬಂದವರನ್ನು ಮಾತ್ರ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಸಾಕು.

ಅಲ್ಲಿಯವರೆಗೆ ಮನೆಯವರು ಕೇಳಬೇಕಾದ ಪ್ರಶ್ನೆಗಳನ್ನು ನಾವೇ ಕೇಳೋಣ. ರಾತ್ರಿ ಎದುರು ಬೆಳಕು ಬಂದು ಹೋದ ಮೇಲೆ ರಸ್ತೆ ಮತ್ತೆ ಕಾಣಲು ಹೊತ್ತು ಹಿಡಿಯುತ್ತದೆಯೇ? ಗಾಡಿಯ ಒಂದೇ ಪಕ್ಕದಲ್ಲಿ ಗೀರು ಬೀಳುತ್ತಿದೆಯೇ? ಗೊತ್ತಿರುವ ಹಂಪನ್ನೇ ಕಾಣದೆ ಹಾರಿಸುತ್ತಿದ್ದಾರೆಯೇ? ಒಂದಕ್ಕೆ ಹೌದು ಎಂದರೂ ಕರೆದುಕೊಂಡು ಬನ್ನಿ, ಮಂಡ್ಯವೇ ಆಗಬೇಕಿಲ್ಲ, ನಿಮ್ಮ ಹತ್ತಿರದ ಕಣ್ಣಿನ ಡಾಕ್ಟರ ಬಳಿ. ಶುಗರ್ ಇದ್ದರೆ ಹಿಂದಿನ ರಿಪೋರ್ಟ್ ತನ್ನಿ, ಈಗ ಹಾಕುವ ಕನ್ನಡಕ ತನ್ನಿ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಬ್ಬಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಆದ್ದರಿಂದ ವಾಪಸ್ಸು ಹೋಗುವಾಗ ಗಾಡಿ ಓಡಿಸಲು ಇನ್ನೊಬ್ಬರು ಜೊತೆಗಿರಲಿ.